ಹಾಜರಿ ಪುಸ್ತಕದಲ್ಲಿ ಸಿಗದ ಶಾಸಕರು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಶಾಸಕರ ಹಾಜರಾತಿಯ ಲೆಕ್ಕವನ್ನು ಯಾರೂ ಇಡುವುದಿಲ್ಲ ಎಂದರೆ ತಪ್ಪಾಗುತ್ತದೆ. ಬಹಳ ಕಟ್ಟುನಿಟ್ಟಾಗಿಯೇ ಇಡುತ್ತಾರೆ. ಯಾರ ಮನೆಯ ಮದುವೆಗೆ ಬಂದರು, ಯಾರ ತಿಥಿಗೆ ಬರಲಿಲ್ಲ, ಊರಹಬ್ಬದ ದಿನ ಬಂದವರು ಎಷ್ಟು ಹೊತ್ತು ಕುಳಿತಿದ್ದರು ಎಂಬುದೆಲ್ಲ ಮುಂದಿನ ಚುನಾವಣೆಯವರೆಗೂ ನೆನಪಿನಲ್ಲಿರುತ್ತದೆ. ವಿಧಾನಸಭೆ ನಡೆದ ದಿನಗಳಲ್ಲಿ ಅದೇ ಶಾಸಕರು ಎಲ್ಲಿದ್ದರು ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಪರಿಚಯದವರೊಬ್ಬರ ಮುಂದೆ ಈ ಮಾತು ಎತ್ತಿದಾಗ ಅವರು, "ಅಧಿವೇಶನ ಅಂತ ಬೆಂಗ್ಳೂರಲ್ಲಿ ಕೂತ್ಕೊಂಡ್ರೆ ಇಲ್ಲಿ ನಮ್ ಕೆಲ್ಸ ಯಾರ್ ಮಾಡಿಸ್ತಾರೆ ಸಾರ್? ಊರಲ್ಲೇ ಇರ್ಲಿ ಬಿಡಿ" ಎಂದುಬಿಟ್ಟರು. ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ನನ್ನಿಂದಾಗದು. ತಾಲ್ಲೂಕು ಕಚೇರಿಯಲ್ಲಿ ಒಂದು ಖಾತೆ ಬದಲಾವಣೆಗೂ ಶಾಸಕರ ಕಡೆಯವರ ಫೋನು ಬೇಕಾಗುವ ಊರಿನಲ್ಲಿ, ಶಾಸಕರು ಸದನದಲ್ಲಿ ಇಲ್ಲದಿರುವುದೇ ಅನುಕೂಲವೆಂದು ತೋರುವುದು ಸಹಜ.

ಆದರೂ ಕೆಲವು ವರ್ಷಗಳಿಂದ ನಮ್ಮ ಜಿಲ್ಲೆಯ ಐದು ಕ್ಷೇತ್ರಗಳ, ಅಂದರೆ ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿಯ ಶಾಸಕರ ಸದನದ ಕೆಲಸವನ್ನು, ಕೈಗೆ ಸಿಗುವ ಕಾಗದಪತ್ರಗಳ ಮೂಲಕ ಗಮನಿಸುತ್ತ ಬಂದಿದ್ದೇನೆ. ಇದರಿಂದ ನನಗೆ ಮನದಟ್ಟಾದದ್ದು ಇಷ್ಟು: ಎಣಿಸಲು ಅತ್ಯಂತ ಸುಲಭವಾದ ಹಾಜರಾತಿಯಿಂದ ತಿಳಿಯುವುದು ಅತ್ಯಲ್ಪ. ಎಲ್ಲಕ್ಕಿಂತ ಹೆಚ್ಚು ತಿಳಿಸಬೇಕಾದ ಅವರ ಮತ ದಾಖಲೆಯಲ್ಲೇ ಇರುವುದಿಲ್ಲ. ಹಣಕಾಸಿನ ವಿವರಗಳು ದಾಖಲೆಯಲ್ಲಿದ್ದರೂ ಬಿಡಿಸಿ ಓದುವವರಿಲ್ಲ.

ಮೊದಲು ಹಾಜರಾತಿಯ ಮಾತು. ಸದನದ ಅನುಮತಿ ಪಡೆಯದೆ 60 ದಿನಗಳ ಕಾಲ ಎಲ್ಲ ಸಭೆಗಳಿಗೂ ಗೈರಾದ ಸದಸ್ಯನ ಸ್ಥಾನವನ್ನು ತೆರವೆಂದು ಸದನ ಘೋಷಿಸಬಹುದು ಎಂದು ಸಂವಿಧಾನದ 190ನೇ ವಿಧಿಯ ನಾಲ್ಕನೇ ಖಂಡ ಹೇಳುತ್ತದೆ. ಅಧಿವೇಶನ ಮುಕ್ತಾಯಗೊಂಡಿದ್ದ ಅವಧಿಯನ್ನೂ ಸತತ ನಾಲ್ಕು ದಿನಗಳಿಗಿಂತ ಹೆಚ್ಚಾಗಿ ಸದನವನ್ನು ಮುಂದೂಡಿದ್ದ ಅವಧಿಯನ್ನೂ ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇನ್ನೊಂದು ಕಡೆ, ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ಕರ್ನಾಟಕವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದ್ದರೂ ಆ ಸಂಖ್ಯೆಯನ್ನು ಮುಟ್ಟುವುದು ಅಪರೂಪ. ಹೀಗಾಗಿ ಗೈರುಹಾಜರಿಯ ಕಾರಣಕ್ಕೆ ಸ್ಥಾನ ಕಳೆದುಕೊಳ್ಳಬೇಕೆಂದರೆ ಶಾಸಕರು ಅಧಿವೇಶನದಿಂದ ಅಧಿವೇಶನಕ್ಕೆ ಒಂದು ದಿನವೂ ತಪ್ಪದಂತೆ ತಪ್ಪಿಸಿಕೊಳ್ಳುತ್ತಲೇ ಇರಬೇಕು. ನಡುವೆ ಒಂದು ದಿನ ಬಂದು ಹೋದರೂ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದೆ.

ಬಂದು ಹೋಗುವುದಕ್ಕೂ ಕುಳಿತು ಕೇಳುವುದಕ್ಕೂ ಇರುವ ಅಂತರವನ್ನು ಹಾಜರಿ ಪುಸ್ತಕ ಹೇಳುವುದಿಲ್ಲ. 224 ಸದಸ್ಯರ ಸದನಕ್ಕೆ ಕೋರಂ (ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ) ಆಗಲು ಹತ್ತನೇ ಒಂದು ಭಾಗ, ಅಂದರೆ 23 ಮಂದಿ ಇದ್ದರೆ ಸಾಕು. ಊಟದ ನಂತರದ ಕಲಾಪದಲ್ಲಿ ಅಷ್ಟು ಮಂದಿಯನ್ನು ಕೂಡಿಸಲೂ ಗಂಟೆ ಬಾರಿಸಬೇಕಾಗುವುದನ್ನು ನೇರಪ್ರಸಾರ ನೋಡುವವರೆಲ್ಲ ಬಲ್ಲರು. ಈಗಿನ ಸಭಾಧ್ಯಕ್ಷ ಯು.ಟಿ. ಖಾದರ್ ಅವರು ಹೊತ್ತಿಗೆ ಸರಿಯಾಗಿ ಬಂದವರ ಹೆಸರನ್ನು ಸದನದಲ್ಲಿ ಓದಿದ್ದಾರೆ, ಶಾಸಕರು ಒಳಬಂದ ಮತ್ತು ಹೊರಹೋದ ವೇಳೆಯನ್ನು ಗುರುತಿಸಲು 2024ರಲ್ಲಿ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ಹಾಕಿಸಿದ್ದಾರೆ, ಊಟವಾದ ಮೇಲೆ ಮನೆ ಕಡೆ ಮುಖ ಮಾಡದಿರಲಿ ಎಂದು ಒರಗುಕುರ್ಚಿಗಳ ಏರ್ಪಾಡಿಗೂ 2025ರಲ್ಲಿ ಮುಂದಾದರು. ಒರಗುಕುರ್ಚಿಯ ಸುದ್ದಿಗೆ ನಗು ಬಂದದ್ದು ನಿಜ. ಆದರೆ ಕ್ಯಾಮೆರಾದ ಲೆಕ್ಕ ಶಾಸಕವಾರು ಸಾರ್ವಜನಿಕರಿಗೂ ಸಿಗುವಂತಾದರೆ ಅದು ಸಹಿಗಿಂತ ಎಷ್ಟೋ ಮೇಲು.

ಸಿಕ್ಕಿತೆಂದೇ ಇಟ್ಟುಕೊಂಡರೂ ಆ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಲೋಕಸಭೆಯಲ್ಲಿ ಸಚಿವರು ಹಾಜರಾತಿ ಪುಸ್ತಕಕ್ಕೆ ಸಹಿ ಹಾಕಬೇಕಾಗಿಲ್ಲ. ತುಮಕೂರಿನ ಸಂಸದ ವಿ. ಸೋಮಣ್ಣ ಅವರು 2024ರಲ್ಲಿ ಕೇಂದ್ರದ ರಾಜ್ಯ ಸಚಿವರಾದ್ದರಿಂದ ಅವರ ಹೆಸರಿನ ಮುಂದೆ ಶೇಕಡಾವಾರು ಹುಡುಕುವುದು ವ್ಯರ್ಥ. 2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಿಂದ 18 ಮಂದಿ ಬಿಜೆಪಿ ಶಾಸಕರನ್ನು ಆರು ತಿಂಗಳ ಕಾಲ ಅಮಾನತು ಮಾಡಲಾಯಿತು. ಅವರಲ್ಲಿ ತುಮಕೂರು ಗ್ರಾಮಾಂತರ ಕ್ಷೇತ್ರದ ಶಾಸಕರೂ ಇದ್ದರು. ಮೇ ತಿಂಗಳಲ್ಲಿ ಅಮಾನತು ಹಿಂತೆಗೆದುಕೊಳ್ಳದೇ ಇದ್ದಿದ್ದರೆ, ಮಳೆಗಾಲದ ಅಧಿವೇಶನದಲ್ಲಿ ಆ ಕ್ಷೇತ್ರದ ಹಾಜರಾತಿ ಸೊನ್ನೆಯಾಗುತ್ತಿತ್ತು. ಅದಕ್ಕೆ ಶಾಸಕರ ಸೋಮಾರಿತನ ಕಾರಣವೆಂದು ಯಾರೂ ಹೇಳಲಾರರು.

ಗೈರುಹಾಜರಿ ಎಂಬುದು ಎಷ್ಟು ತೂಕದ ಸಂಗತಿಯಾಗಬಲ್ಲದು ಎಂಬುದನ್ನು ಚಿಕ್ಕಬಳ್ಳಾಪುರ ಮತ್ತು ಕೋಲಾರದವರು ಕಂಡಷ್ಟು ಹತ್ತಿರದಿಂದ ಬೇರೆಯವರು ಕಂಡಿರಲಾರರು. 2019ರ ಜುಲೈನಲ್ಲಿ ಎಚ್.ಡಿ. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ಯಾಚನೆ 18ರಂದು ಆರಂಭವಾಗಿ 23ರ ಸಂಜೆಯವರೆಗೆ ನಡೆಯಿತು. ಮುಳಬಾಗಿಲಿನಿಂದ ಪಕ್ಷೇತರರಾಗಿ ಗೆದ್ದು ಸಚಿವರೂ ಆಗಿದ್ದ ಎಚ್. ನಾಗೇಶ್ ಅವರು ಅಷ್ಟರಲ್ಲಿ ಬೆಂಬಲ ಹಿಂತೆಗೆದುಕೊಂಡಿದ್ದರು. ಚಿಕ್ಕಬಳ್ಳಾಪುರದ ಅಂದಿನ ಕಾಂಗ್ರೆಸ್ ಶಾಸಕ ಡಾ. ಕೆ. ಸುಧಾಕರ್ ಅವರು ರಾಜೀನಾಮೆ ಸಲ್ಲಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದವರ ಪೈಕಿ ಒಬ್ಬರು. ಕಲಾಪದಲ್ಲಿ ಭಾಗವಹಿಸಲೇಬೇಕೆಂದು ಆ ಶಾಸಕರನ್ನು ಒತ್ತಾಯಿಸುವಂತಿಲ್ಲ ಎಂದು ನ್ಯಾಯಾಲಯ ಜುಲೈ 17ರಂದು ಮಧ್ಯಂತರ ಆದೇಶ ನೀಡಿತ್ತು. ಕೊನೆಗೆ ಸಾಲುಸಾಲಾಗಿ ಎದ್ದು ನಿಂತವರನ್ನು ಅಧಿಕಾರಿಗಳು ಎಣಿಸಿದಾಗ ಪರವಾಗಿ 99, ವಿರುದ್ಧವಾಗಿ 105 ಮತಗಳು ಬಿದ್ದು ಸರ್ಕಾರ ಉರುಳಿತು. ಬಾರದೇ ಉಳಿದವರು ಬಂದು ಪರವಾಗಿ ನಿಂತಿದ್ದರೆ ಸರ್ಕಾರ ಉಳಿಯುತ್ತಿತ್ತು ಎಂಬುದಕ್ಕೆ ದೊಡ್ಡ ಗಣಿತ ಬೇಕಾಗಿಲ್ಲ. ಹಾಜರಿ ಪುಸ್ತಕದ ಪ್ರಕಾರ ಅದು ಒಂದು ಗೈರು. ರಾಜ್ಯದ ಮಟ್ಟಿಗೆ ಅದು ಆ ಅವಧಿಯಲ್ಲಿ ಚಿಕ್ಕಬಳ್ಳಾಪುರ ಕ್ಷೇತ್ರ ಚಲಾಯಿಸಿದ ಅತ್ಯಂತ ಪರಿಣಾಮಕಾರಿ ಮತ.

ಆಗ ಸಭಾಧ್ಯಕ್ಷರ ಪೀಠದಲ್ಲಿದ್ದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್. ಅವರು 17 ಮಂದಿಯನ್ನು ಅನರ್ಹಗೊಳಿಸಿದರು. ಅದೇ ವರ್ಷದ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದೆಂಬ ಭಾಗವನ್ನು ಮಾತ್ರ ರದ್ದುಪಡಿಸಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಸುಧಾಕರ್ ಬಿಜೆಪಿಯಿಂದ ಮತ್ತೆ ಗೆದ್ದು ಬಂದರು. ಇದರಲ್ಲಿ ಯಾರು ಸರಿ ಎಂಬ ವಾದ ನಮ್ಮ ಹೋಟೆಲುಗಳಲ್ಲಿ ಇನ್ನೂ ಮುಗಿದಿಲ್ಲ. ಅಂದಿನ ಗೈರಿಗೆ ಶಾಸಕರು ಕ್ಷೇತ್ರದ ಎದುರು ಕಾರಣ ಕೊಡಬೇಕಾಯಿತು, ಕ್ಷೇತ್ರ ಅದನ್ನು ತೂಗಿ ನೋಡಿ ತೀರ್ಪು ಕೊಟ್ಟಿತು. ಆ ತೀರ್ಪನ್ನು ಒಪ್ಪದವರೂ ಈ ಕ್ರಮವನ್ನು ಒಪ್ಪಬೇಕಾಗುತ್ತದೆ. ಯಾರು ಎಲ್ಲಿ ನಿಂತರು ಎಂಬುದು ಎಲ್ಲರಿಗೂ ಗೊತ್ತಿದ್ದುದರಿಂದಷ್ಟೇ ಅದು ಸಾಧ್ಯವಾಯಿತು.

ಉಳಿದ ದಿನಗಳಲ್ಲಿ ಅದು ಗೊತ್ತಾಗುವುದಿಲ್ಲ. ವಿಧೇಯಕವನ್ನು ಮತಕ್ಕೆ ಹಾಕಿದಾಗ ಪರವಾಗಿರುವವರು "ಹೌದು" ಎನ್ನುತ್ತಾರೆ, ವಿರುದ್ಧವಾಗಿರುವವರು "ಇಲ್ಲ" ಎನ್ನುತ್ತಾರೆ, ಯಾವ ಧ್ವನಿ ಹೆಚ್ಚೆಂದು ಪೀಠ ನಿರ್ಧರಿಸುತ್ತದೆ. ಈ ಧ್ವನಿಮತದಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ಮೇಲೆ ಹೇಳಿದ ಮಾರ್ಚ್ 21ರ ದಿನವನ್ನೇ ತೆಗೆದುಕೊಳ್ಳಿ. ಅದರ ಹಿಂದಿನ ದಿನ ಮಧುಗಿರಿಯ ಶಾಸಕರೂ ಅಂದಿನ ಸಹಕಾರ ಸಚಿವರೂ ಆಗಿದ್ದ ಕೆ.ಎನ್. ರಾಜಣ್ಣ ಅವರು ಸದನದಲ್ಲಿ ಹನಿಟ್ರ್ಯಾಪ್ ಆರೋಪ ಮಾಡಿದ್ದರಿಂದ ಸದನ ಕಾವೇರಿತ್ತು. ಪೀಠದ ಮುಂದೆ ಗದ್ದಲ ನಡೆಯುತ್ತಿದ್ದಾಗಲೇ ಶಾಸಕರ ಮಾಸಿಕ ವೇತನವನ್ನು 40 ಸಾವಿರದಿಂದ 80 ಸಾವಿರ ರೂಪಾಯಿಗೆ ಏರಿಸುವ ವಿಧೇಯಕ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ವೇತನ ಏರಿಸಿದ್ದೇ ತಪ್ಪೆಂದು ನಾನು ಹೇಳುವುದಿಲ್ಲ. ಬೆಲೆಗಳು ಏರಿವೆ, ಪ್ರಾಮಾಣಿಕವಾಗಿ ಬದುಕಬೇಕೆನ್ನುವ ಶಾಸಕರಿಗೆ ಹಿಂದಿನ ಮೊತ್ತ ಸಾಲುತ್ತಿರಲಿಲ್ಲವೆಂಬ ವಾದದಲ್ಲಿ ಹುರುಳಿದೆ. ಆದರೆ ನಮ್ಮ ಐವರಲ್ಲಿ ಹೌದೆಂದವರು ಯಾರು, ಬಾಯಿ ತೆರೆಯದೆ ಕುಳಿತವರು ಯಾರು ಎಂದು ಇಂದು ಯಾವ ಕಡತದಿಂದಲೂ ತಿಳಿಯಲಾಗದು. ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ರೈತನೊಬ್ಬ ತಂದ ಒಂದು ಲಾಟು ಗೂಡಿಗೆ ಯಾರು ಎಷ್ಟು ಕೂಗಿದರು ಎಂಬುದು ಇ-ಹರಾಜಿನಲ್ಲಿ ದಾಖಲಾಗುತ್ತದೆ. ಏಳು ಕೋಟಿ ಜನರಿಗೆ ಅನ್ವಯಿಸುವ ಕಾನೂನಿಗೆ ಆ ಮಟ್ಟದ ಲೆಕ್ಕವೂ ಇಲ್ಲ.

ಹೇಗಿದ್ದರೂ ಹೀಗೇ ಮತ ಹಾಕಬೇಕೆಂಬ ಪಕ್ಷದ ವಿಪ್ ಇದೆಯಲ್ಲ, ಪಕ್ಷ ಹೇಳಿದಂತೆ ಮತ ಹಾಕುತ್ತಾರೆ, ಹೆಸರು ಬರೆದುಕೊಂಡು ಆಗುವುದೇನು ಎಂದು ಕೇಳುವವರಿದ್ದಾರೆ. ಪಕ್ಷಾಂತರ ತಡೆಯಲೆಂದು 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಬಂದ ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದರೂ ಮತದಾನದಿಂದ ದೂರ ಉಳಿದರೂ ಸದಸ್ಯತ್ವಕ್ಕೆ ಕುತ್ತು ಬರಬಹುದೆಂಬುದು ನಿಜವೇ. ಅದು ಎಲ್ಲರಿಗೂ ಎಲ್ಲ ಮತಕ್ಕೂ ಅನ್ವಯಿಸುವುದಿಲ್ಲ. ಗೌರಿಬಿದನೂರಿನ ಕೆ.ಎಚ್. ಪುಟ್ಟಸ್ವಾಮಿಗೌಡ ಅವರು 2023ರಲ್ಲಿ ಪಕ್ಷೇತರರಾಗಿ ಆಯ್ಕೆಯಾದವರು. ಪಕ್ಷೇತರರನ್ನು ಯಾವ ಪಕ್ಷದ ವಿಪ್ ಕೂಡ ಕಟ್ಟಿಹಾಕಲಾರದು. ಅಂಥ ಶಾಸಕರ ಒಂದೊಂದು ಮತವೂ ಅವರ ಸ್ವಂತ ತೀರ್ಮಾನವೇ ಆದ್ದರಿಂದ, ಆ ಕ್ಷೇತ್ರದ ಜನರಿಗೆ ಅದನ್ನು ತಿಳಿಯುವ ಅಗತ್ಯ ಉಳಿದವರಿಗಿಂತ ಹೆಚ್ಚು. ರಾಜ್ಯಸಭಾ ಚುನಾವಣೆಯ ವಿಷಯವೂ ಬೇರೆ. ಅಲ್ಲಿ 2003ರಿಂದ ಮುಕ್ತ ಮತದಾನವಿದ್ದು, ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಬೇಕು. ಪಕ್ಷದ ಅಭ್ಯರ್ಥಿಗೆ ಮತ ಹಾಕದ ಮಾತ್ರಕ್ಕೆ ಶಾಸಕತ್ವ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. 2022ರ ಜೂನ್‌ನಲ್ಲಿ ಕೋಲಾರದ ಅಂದಿನ ಜೆಡಿಎಸ್ ಶಾಸಕ ಕೆ. ಶ್ರೀನಿವಾಸಗೌಡ ಅವರು ಮತ ಹಾಕಿ ಹೊರಬಂದು, ಕಾಂಗ್ರೆಸ್ ಎಂದರೆ ತಮಗೆ ಪ್ರೀತಿ, ಅದಕ್ಕೇ ಮತ ಹಾಕಿದೆ ಎಂದು ಕ್ಯಾಮೆರಾಗಳ ಮುಂದೆಯೇ ಹೇಳಿದರು. ಪಕ್ಷನಿಷ್ಠೆಯ ಲೆಕ್ಕದಲ್ಲಿ ಅದನ್ನು ಹೇಗಾದರೂ ಅಳೆಯಬಹುದು. ಕೋಲಾರದ ಮತದಾರನಿಗೆ ತನ್ನ ಶಾಸಕರ ಒಂದು ಮತ ಯಾವ ಕಡೆ ಬಿತ್ತೆಂಬುದಾದರೂ ಅನುಮಾನಕ್ಕೆ ಎಡೆಯಿಲ್ಲದೆ ತಿಳಿಯಿತು.

ಮತ ದಾಖಲಾಗದಿರುವುದರ ನಷ್ಟ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಹೆಚ್ಚಾಗಿ ತಟ್ಟುವುದು ನೀರಿನ ವಿಷಯದಲ್ಲಿ. ಪಶ್ಚಿಮಘಟ್ಟದ ಹೊಳೆಗಳ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ಅಂದಾಜು 2012ರಲ್ಲಿ 8,323 ಕೋಟಿ ರೂಪಾಯಿ ಇದ್ದದ್ದು 2014ರಲ್ಲಿ 12,912 ಕೋಟಿಗೂ 2023ರಲ್ಲಿ 23,251 ಕೋಟಿಗೂ ಏರಿತು. ಅಂದಾಜನ್ನು ಒಪ್ಪುವುದು ಸರ್ಕಾರದ ಕೆಲಸವಾದರೂ, ವರ್ಷವರ್ಷವೂ ಅದಕ್ಕೆ ಹಣ ಒದಗಿಸುವ ಬೇಡಿಕೆಗಳಿಗೂ ಧನವಿನಿಯೋಗ ವಿಧೇಯಕಕ್ಕೂ ಸದನವೇ ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆಯೂ ಬಹುಪಾಲು ಧ್ವನಿಮತವೇ. ಶಾಶ್ವತ ನೀರಾವರಿಗಾಗಿ ಬೀದಿಗಿಳಿದವರ ಜೊತೆ ವೇದಿಕೆ ಹಂಚಿಕೊಂಡ ಶಾಸಕರು, ಹಣದ ಬೇಡಿಕೆ ಬಂದ ದಿನ ಸದನದಲ್ಲಿ ಎದ್ದು ನಿಂತು ಲೆಕ್ಕ ಕೇಳಿದರೇ ಎಂಬುದನ್ನು ತಿಳಿಯಬೇಕಾದರೆ ನಡವಳಿಯ ಪುಟಗಳನ್ನು ಒಂದೊಂದಾಗಿ ತಿರುವಬೇಕು.

ನಾನು ಹೆಚ್ಚು ಹೊತ್ತು ಕಳೆಯುವುದು ಪ್ರಶ್ನೋತ್ತರಗಳ ಮೇಲೆ. ವಿಧಾನಸಭೆಯ ಜಾಲತಾಣದಲ್ಲಿ ಚುಕ್ಕೆ ಗುರುತಿನ (ಸದನದಲ್ಲೇ ಉತ್ತರ ಹೇಳಬೇಕಾದ) ಮತ್ತು ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರ ಸಾಕಾಗುವ) ಪ್ರಶ್ನೆಗಳಿಗೆ ಇಲಾಖೆಗಳು ಕೊಟ್ಟ ಉತ್ತರಗಳು ಸಿಗುತ್ತವೆ. ಪ್ರಶ್ನೆ ಕೇಳಿದವರ ಹೆಸರು ಮೇಲೆಯೇ ಇರುತ್ತದೆ. ಹಾಳೆಯ ಎಡಗಡೆ (ಅ), (ಆ), (ಇ) ಎಂದು ಪ್ರಶ್ನೆಗಳು, ಬಲಗಡೆ ಉತ್ತರಗಳು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತುಂಬಿಸಿದ ಕೆರೆಗಳ ಸುತ್ತಮುತ್ತ ಅಂತರ್ಜಲದ ಗುಣಮಟ್ಟದ ಬಗ್ಗೆ ದೂರುಗಳಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂಬ ಧಾಟಿಯ ಪ್ರಶ್ನೆಗೆ ಬಲಗಡೆ "ಬಂದಿದೆ" ಎಂದೋ "ಬಂದಿರುವುದಿಲ್ಲ" ಎಂದೋ ಒಂದೇ ಪದ ಬೀಳುತ್ತದೆ. "ಬಂದಿರುವುದಿಲ್ಲ" ಎಂದಾಯಿತೆಂದರೆ ಕೈಗೊಂಡ ಕ್ರಮಗಳೇನು ಎಂಬ ಮುಂದಿನ ಪ್ರಶ್ನೆಗೆ "ಉದ್ಭವಿಸುವುದಿಲ್ಲ" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇದನ್ನು ಬಲ್ಲ ಶಾಸಕರು ಗಮನಕ್ಕೆ ಬಂದಿದೆಯೇ ಎಂದು ಕೇಳುವುದೇ ಇಲ್ಲ. ಯಾವ ಕೆರೆಯ ನೀರನ್ನು ಯಾವ ತಿಂಗಳು ಪರೀಕ್ಷಿಸಲಾಯಿತು, ಫಲಿತಾಂಶವೇನು, ಎರಡನೇ ಹಂತದ ಸಂಸ್ಕರಣೆಯ ನಂತರ ಮೂರನೇ ಹಂತಕ್ಕೆ ಎಷ್ಟು ಹಣ ಇಡಲಾಗಿದೆ ಎಂದು ನೇರವಾಗಿ ವಿವರ ಕೇಳುತ್ತಾರೆ. ಆಗ ಇಲಾಖೆ ಅನುಬಂಧ ಲಗತ್ತಿಸಲೇಬೇಕಾಗುತ್ತದೆ. ಒಬ್ಬ ಶಾಸಕರು ಕೇಳಿದ ಪ್ರಶ್ನೆಗಳ ಸಂಖ್ಯೆಗಿಂತ, ಎಷ್ಟು ಉತ್ತರಗಳಿಗೆ ಅನುಬಂಧ ಬಂತೆಂಬುದೇ ನನಗೆ ಹೆಚ್ಚು ನಂಬಿಕೆಯ ಅಳತೆಯಾಗಿ ಕಂಡಿದೆ. ಸಚಿವರಾದವರು ಪ್ರಶ್ನೆ ಕೇಳುವಂತಿಲ್ಲವಾದ್ದರಿಂದ ಶಾಸಕರು ಸಚಿವರಾದ ಚಿಂತಾಮಣಿಯಂಥ ಕ್ಷೇತ್ರಕ್ಕೆ ಈ ಅಳತೆಯೂ ನಡೆಯದು.

ಇನ್ನು ಹಣಕಾಸು. ಅಭ್ಯರ್ಥಿಗಳು ತಮ್ಮ ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆಗಳನ್ನು ಘೋಷಿಸಬೇಕೆಂಬ ನಿಯಮ ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದ ಬಂದದ್ದು. ಆದಾಯದ ಮೂಲವನ್ನೂ ಹೇಳಬೇಕೆಂದು 2018ರ ತೀರ್ಪು ಸೇರಿಸಿತು. ನಮೂನೆ 26 ಎಂಬ ಆ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರಿಗೂ ಸಿಗುತ್ತದೆ. ಪತ್ರಿಕೆಗಳು ಅದರಿಂದ ಎತ್ತಿಕೊಳ್ಳುವುದು ಒಟ್ಟು ಮೊತ್ತವನ್ನು ಮಾತ್ರ: ಗೌರಿಬಿದನೂರು ಶಾಸಕರು 2023ರಲ್ಲಿ ಘೋಷಿಸಿದ ಆಸ್ತಿ 1,267 ಕೋಟಿ ರೂಪಾಯಿ, ದೇಶದ ಅತಿ ಶ್ರೀಮಂತ ಶಾಸಕರ ಸಾಲಿನಲ್ಲಿ ಅವರು ಇದ್ದಾರೆ, ಇತ್ಯಾದಿ. ದೊಡ್ಡ ಮೊತ್ತವನ್ನು ಘೋಷಿಸಿದವರು ಮುಚ್ಚಿಡದೆ ಹೇಳಿದ್ದಾರೆ ಎಂಬುದನ್ನೂ ಮರೆಯಬಾರದು. ನೋಡಬೇಕಾದದ್ದು ಸ್ಥಿರಾಸ್ತಿಯ ಅಂಕಣಗಳನ್ನು. ಅಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ದಿನಾಂಕ, ಕೊಂಡ ಬೆಲೆ, ಈಗಿನ ಅಂದಾಜು ಬೆಲೆ ಎಲ್ಲವೂ ಇರುತ್ತವೆ. ಸರ್ವೆ ನಂಬರು ಹಿಡಿದು ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆದರೆ ಜಮೀನು ಯಾರ ಹೆಸರಿನಲ್ಲಿದೆ, ಯಾವ ಮ್ಯುಟೇಶನ್‌ನಿಂದ ಬಂತು ಎಂಬುದು ಕೂತಲ್ಲೇ ಸಿಗುತ್ತದೆ. ನಂದಿಬೆಟ್ಟದ ಆಸುಪಾಸಿನಲ್ಲಿ, ದೇವನಹಳ್ಳಿಯ ಕಡೆಯ ರಸ್ತೆಗಳಲ್ಲಿ ಜಮೀನಿನ ಬೆಲೆ ಏರಿದ ಪರಿ ಇಲ್ಲಿಯವರಿಗೆ ಗೊತ್ತು. ಹಾಗಾಗಿ ಐದು ವರ್ಷಗಳಲ್ಲಿ ಆಸ್ತಿ ದುಪ್ಪಟ್ಟಾಯಿತು ಎಂಬ ಶೀರ್ಷಿಕೆಯನ್ನು ಕಂಡಾಗ, ಅದು ಹಳೆಯ ಜಮೀನಿನ ಬೆಲೆ ಏರಿದ್ದರಿಂದಲೋ ಹೊಸದಾಗಿ ಕೊಂಡದ್ದರಿಂದಲೋ ಎಂದು ಮೊದಲು ನೋಡಬೇಕು. ಎರಡು ಚುನಾವಣೆಗಳ ಪ್ರಮಾಣಪತ್ರಗಳನ್ನು ಪಕ್ಕಪಕ್ಕ ಇಟ್ಟು, ಎರಡನೆಯದರಲ್ಲಿ ಹೊಸದಾಗಿ ಕಾಣಿಸಿಕೊಂಡ ಸರ್ವೆ ನಂಬರುಗಳಿಗೆ ಗುರುತು ಹಾಕಿ, ಅವುಗಳ ಕೊಂಡ ಬೆಲೆಯನ್ನು ಅದೇ ಹಾಳೆಯಲ್ಲಿರುವ ಐದು ವರ್ಷಗಳ ಆದಾಯ ತೆರಿಗೆ ವಿವರದ ಜೊತೆ ತಾಳೆ ನೋಡಿದರೆ, ಕೇಳಬೇಕಾದ ಪ್ರಶ್ನೆ ಇದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗುತ್ತದೆ. ಎಷ್ಟೋ ಸಲ ಅಂಥ ಪ್ರಶ್ನೆಯೇ ಇರುವುದಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

ಚುನಾವಣಾ ವೆಚ್ಚದ ಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ವಿಧಾನಸಭಾ ಅಭ್ಯರ್ಥಿಯ ಮಿತಿ 2022ರಿಂದ 40 ಲಕ್ಷ ರೂಪಾಯಿ, ಫಲಿತಾಂಶ ಬಂದ 30 ದಿನಗಳೊಳಗೆ ಲೆಕ್ಕ ಕೊಡಬೇಕು, ಪಕ್ಷಗಳ ವೆಚ್ಚಕ್ಕೆ ಮಿತಿಯಿಲ್ಲ. ಶಾಮಿಯಾನ, ಕುರ್ಚಿ, ತಿಂಡಿ, ಕಾಫಿಗೆಲ್ಲ ಜಿಲ್ಲಾ ಚುನಾವಣಾಧಿಕಾರಿಗಳು ನಿಗದಿಪಡಿಸಿದ ದರಪಟ್ಟಿಯಂತೆ ಬರೆದ ಆ ಲೆಕ್ಕವನ್ನು ಓದುವಾಗ, ನಾವು ಕಣ್ಣಾರೆ ಕಂಡ ಚುನಾವಣೆ ಇದೇನಾ ಎಂದು ಅನುಮಾನ ಬರುವುದುಂಟು. ಅಕ್ರಮವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಲು ಹಿಡಿಯುವ ಕಾಲಕ್ಕೆ ತುಮಕೂರು ಗ್ರಾಮಾಂತರವೇ ಸಾಕ್ಷಿ: ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿದ ಆರೋಪದ ಮೇಲೆ ಅಲ್ಲಿನ 2018ರ ಆಯ್ಕೆಯನ್ನು ಹೈಕೋರ್ಟ್ ಅಸಿಂಧುಗೊಳಿಸಿದ್ದು 2023ರ ಮಾರ್ಚ್‌ನಲ್ಲಿ, ಮುಂದಿನ ಚುನಾವಣೆ ಬಾಗಿಲಿಗೆ ಬಂದು ನಿಂತಿದ್ದಾಗ. ಮೇಲ್ಮನವಿಗೆಂದು ಆ ಆದೇಶವನ್ನೂ ಒಂದು ತಿಂಗಳು ತಡೆಹಿಡಿಯಲಾಗಿತ್ತು. ಚುನಾವಣಾ ತಕರಾರು ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ವರ್ಷಕ್ಕೆ 2 ಕೋಟಿ ರೂಪಾಯಿಯ ಕಾಮಗಾರಿಗಳ ಪಟ್ಟಿಯನ್ನು ಮಾಹಿತಿ ಹಕ್ಕಿನಡಿ ಕೇಳಿದರೆ, ತಡವಾದರೂ ಸಿಗುತ್ತದೆ. ನಾನು ಒಮ್ಮೆ ಹಾಕಿದ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗವಾಗಿ, ಕೊನೆಗೆ ಬಂದ ಪಟ್ಟಿಯಲ್ಲಿ ಸಮುದಾಯ ಭವನ, ಹೈಮಾಸ್ಟ್ ದೀಪ, ಸಿಸಿ ರಸ್ತೆ ಎಂಬ ಮೂರು ಬಗೆಯೇ ಹಾಳೆ ತುಂಬ ಇದ್ದವು. ಕಾಮಗಾರಿ ಮುಗಿದಿದೆಯೇ ಎಂಬ ಅಂಕಣ ಮಾತ್ರ ಖಾಲಿ.

ಇವೆಲ್ಲಕ್ಕಿಂತ ಮುಖ್ಯವಾಗಿದ್ದೂ ಹೆಚ್ಚು ಮಂದಿಗೆ ಗೊತ್ತಿಲ್ಲದ ದಾಖಲೆ ಇನ್ನೊಂದಿದೆ. ಚುನಾವಣಾ ಪ್ರಮಾಣಪತ್ರ ಐದು ವರ್ಷಕ್ಕೊಮ್ಮೆ ಬರುವುದು. ಆದರೆ 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯ 22ನೇ ಪ್ರಕರಣದಂತೆ ಪ್ರತಿಯೊಬ್ಬ ಶಾಸಕರೂ ತಮ್ಮ ಮತ್ತು ಕುಟುಂಬದವರ ಆಸ್ತಿ ಹಾಗೂ ಹೊಣೆಗಾರಿಕೆಯ ವಿವರವನ್ನು ಪ್ರತಿವರ್ಷ ಜೂನ್ 30ರೊಳಗೆ ಲೋಕಾಯುಕ್ತರಿಗೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಲೋಕಾಯುಕ್ತರು ಸಕ್ಷಮ ಪ್ರಾಧಿಕಾರಕ್ಕೆ ವರದಿ ಮಾಡುತ್ತಾರೆ. ಅದಾಗಿ ಎರಡು ತಿಂಗಳು ಕಳೆದರೂ ಬಾರದಿದ್ದರೆ ಅಂಥವರ ಹೆಸರನ್ನು ಮೂರು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಪ್ರಕಟವಾಗುವುದು ಸಲ್ಲಿಸದವರ ಹೆಸರಷ್ಟೇ ಎಂಬುದು ಇದರ ಕೊರತೆ. ಹಾಗಿದ್ದರೂ ಗಡುವಿನೊಳಗೆ ಕೊಟ್ಟವರಾರು, ನೋಟಿಸಿನ ನಂತರ ಕೊಟ್ಟವರಾರು ಎಂಬ ಭೇದವನ್ನು ಕೇಳಿ ತಿಳಿದುಕೊಳ್ಳಬಹುದು, ಕೇಳುವುದಕ್ಕೆ ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳೊಳಗೆ ಇರಬೇಕು. ಹಾಗಾಗಿ ಈ ಸಲದ ಅರ್ಜಿಯಲ್ಲಿ ನಾನು ಆಸ್ತಿಯ ವಿವರವನ್ನು ಕೇಳುತ್ತಿಲ್ಲ. ಐದು ಕ್ಷೇತ್ರಗಳ ಹೆಸರು ಬರೆದು, 2023ರಿಂದೀಚೆಗೆ ಪ್ರತಿವರ್ಷ ಆ ಶಾಸಕರ ವಿವರ ಕಚೇರಿಗೆ ತಲುಪಿದ ದಿನಾಂಕವನ್ನಷ್ಟೇ ಕೇಳಿದ್ದೇನೆ. ಅಷ್ಟಕ್ಕೆ 150 ಪದ ಧಾರಾಳವಾಗಿ ಸಾಕಾಯಿತು.